ನಕ್ಷೆಯ ತುದಿಯ ಚುಕ್ಕೆಗಳು

1978ರ ಜುಲೈ ಕೊನೆಯಲ್ಲಿ ಡೆನ್ಮಾರ್ಕ್‌ನ ಜಿಯೋಡೆಟಿಕ್ ಇನ್‌ಸ್ಟಿಟ್ಯೂಟ್‌ನ ಭೂಮಾಪಕರ ತಂಡವೊಂದು ಹೆಲಿಕಾಪ್ಟರ್ ಏರಿ ಗ್ರೀನ್‌ಲ್ಯಾಂಡ್‌ನ ಉತ್ತರ ತೀರದಾಚೆಯ ಒಂದು ಕಿರುದ್ವೀಪದಲ್ಲಿ ಇಳಿಯಿತು. ದ್ವೀಪದ ಹೆಸರು ಕಾಫೆಕ್ಲುಬ್ಬೆನ್. ಉದ್ದ ಮುಕ್ಕಾಲು ಕಿಲೋಮೀಟರಿಗೂ ಕಡಿಮೆ. ತಂಡದ ಮುಖ್ಯಸ್ಥ ಉಫೆ ಪೆಟರ್ಸನ್. ಬಂದ ಕೆಲಸ ಇಷ್ಟೇ: ಈ ದ್ವೀಪದ ಉತ್ತರ ತುದಿಯನ್ನು ಕರಾರುವಾಕ್ಕಾಗಿ ಅಳೆದು, ಗ್ರೀನ್‌ಲ್ಯಾಂಡ್ ಮುಖ್ಯಭೂಮಿಯ ತುದಿಯಾದ ಮೋರಿಸ್ ಜೆಸಪ್ ಭೂಶಿರಕ್ಕಿಂತ ಇದು ಉತ್ತರಕ್ಕಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಅಲ್ಲಿ ನಿಂತಿದ್ದಾಗ ಫ್ರೆಡೆ ಮಾಡ್ಸನ್ ಎಂಬ ಸದಸ್ಯನಿಗೆ ಇನ್ನೂ ಉತ್ತರಕ್ಕೆ, ಹೆಪ್ಪುಗಟ್ಟಿದ ಸಮುದ್ರದ ನಡುವೆ, ಏನೋ ಕಪ್ಪಗೆ ಕಂಡಿತು.

ಹೋಗಿ ನೋಡಿದರೆ ಮಣ್ಣು ಮತ್ತು ಜಲ್ಲಿಯ ಒಂದು ದಿಬ್ಬ. ಉದ್ದ 15 ಮೀಟರ್, ಅಗಲ 8 ಮೀಟರ್, ಎತ್ತರ ಒಂದು ಮೀಟರೂ ಇಲ್ಲ. ಆದರೆ ಅದು ಇದ್ದ ಜಾಗ ದೊಡ್ಡದು. ಕಾಫೆಕ್ಲುಬ್ಬೆನ್‌ಗಿಂತ 1,360 ಮೀಟರ್ ಉತ್ತರಕ್ಕೆ, ಅಕ್ಷಾಂಶ 83 ಡಿಗ್ರಿ 40 ಮಿನಿಟು 32.5 ಸೆಕೆಂಡು. ಧ್ರುವಕ್ಕೆ ಅಲ್ಲಿಂದ 705 ಕಿಲೋಮೀಟರ್. ಭೂಗೋಳದ ಮೇಲೆ ಅದಕ್ಕಿಂತ ಉತ್ತರಕ್ಕೆ ನೆಲವೇ ಇಲ್ಲ ಎಂದಾಯಿತು. ಅದಕ್ಕೆ ಊಡಾಕ್ ಎಂಬ ಹೆಸರಿಟ್ಟರು. 1909ರಲ್ಲಿ ಅಮೆರಿಕದ ಧ್ರುವಯಾತ್ರಿಕ ರಾಬರ್ಟ್ ಪಿಯರಿಯ ಜೊತೆ ಧ್ರುವದ ಕಡೆಗೆ ನಡೆದ ನಾಲ್ವರು ಇನುಘುಯಿಟ್ (ವಾಯವ್ಯ ಗ್ರೀನ್‌ಲ್ಯಾಂಡ್‌ನ ಮೂಲನಿವಾಸಿ) ಜನರಲ್ಲಿ ಒಬ್ಬನ ಹೆಸರು ಅದು. ಅಟ್ಲಾಸುಗಳಿಗೂ ದಾಖಲೆ ಪುಸ್ತಕಗಳಿಗೂ ಊಡಾಕ್ ಏರಿತು. ಕೆಲವೇ ವರ್ಷಗಳಲ್ಲಿ ಅದನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ಏನೂ ಸಿಗಲಿಲ್ಲ.

ಮುಂದಿನ ನಾಲ್ಕು ದಶಕಗಳಲ್ಲಿ ಅದೇ ಸಮುದ್ರದಲ್ಲಿ ಇಂಥವೇ ಇನ್ನೂ ಹಲವು ದ್ವೀಪಗಳು ಹುಟ್ಟಿದವು, ಹೆಸರು ಪಡೆದವು, ಮಾಯವಾದವು. ಪ್ರತಿಯೊಂದರ ಅಕ್ಷಾಂಶ ರೇಖಾಂಶಗಳನ್ನು ಸೆಕೆಂಡಿನ ಹತ್ತನೇ ಒಂದು ಪಾಲಿನವರೆಗೆ ಅಳೆದಿದ್ದರು. ಅಂದರೆ ಸುಮಾರು ಮೂರು ಮೀಟರ್ ನಿಖರತೆ. ಅಷ್ಟು ಅಳೆದವರು ಅಳೆಯದೆ ಬಿಟ್ಟದ್ದು ಒಂದನ್ನೇ: ಆ ಮಣ್ಣಿನ ಕೆಳಗೆ ಏನಿದೆ ಎಂಬುದನ್ನು. ಅದನ್ನು ಅಳೆಯಲು 2022 ಬರಬೇಕಾಯಿತು. ಈ ತಡಕ್ಕೆ ಉಪಕರಣಗಳ ಕೊರತೆ ಕಾರಣವಾಗಿರಲಿಲ್ಲ. ಹಗ್ಗಕ್ಕೆ ಗುಂಡು ಕಟ್ಟಿ ಸಮುದ್ರದ ಆಳ ನೋಡುವುದನ್ನು ನಾವಿಕರು ಸಾವಿರಾರು ವರ್ಷಗಳಿಂದ ಬಲ್ಲರು. ಕಾರಣ ಬೇರೆ ಕಡೆ ಇದೆ ಎಂಬುದು ನನ್ನ ಅನಿಸಿಕೆ, ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉತ್ತರ ಗ್ರೀನ್‌ಲ್ಯಾಂಡ್‌ನ ತೀರಕ್ಕೆ ಹೊರಗಿನವರು ಬಂದದ್ದೇ ‘ಎಲ್ಲರಿಗಿಂತ ಉತ್ತರಕ್ಕೆ’ ಎಂಬ ಹಠದಿಂದ. 1876ರಲ್ಲಿ ಬ್ರಿಟಿಷ್ ನೌಕಾಪಡೆಯ ಆಲ್ಬರ್ಟ್ ಮಾರ್ಕಮ್ 83 ಡಿಗ್ರಿ 20 ಮಿನಿಟಿನವರೆಗೆ ಹೋಗಿ ಬಂದಿದ್ದ. 1882ರ ಮೇ 13ರಂದು ಅಮೆರಿಕದ ಗ್ರೀಲಿ ತಂಡದ ಜೇಮ್ಸ್ ಲಾಕ್‌ವುಡ್, ಡೇವಿಡ್ ಬ್ರೈನಾರ್ಡ್ ಮತ್ತು ಗ್ರೀನ್‌ಲ್ಯಾಂಡ್‌ನ ನಾಯಿಬಂಡಿ ಸಾರಥಿ ಫ್ರೆಡರಿಕ್ ಕ್ರಿಶ್ಚಿಯನ್‌ಸೆನ್ ಒಂದು ಕಿರುದ್ವೀಪ ತಲುಪಿದರು. ಅದರ ಅಕ್ಷಾಂಶ 83 ಡಿಗ್ರಿ 24 ಮಿನಿಟು. ಬ್ರಿಟಿಷರ ದಾಖಲೆಯನ್ನು ಮುರಿದದ್ದು ನಾಲ್ಕೇ ಮಿನಿಟು, ಏಳು ಕಿಲೋಮೀಟರಿನಷ್ಟು. ಅಲ್ಲಿಂದ ಮುಂದೆ ಇನ್ನೊಂದು ಭೂಶಿರ ಕಾಣುತ್ತಿತ್ತು. ಅದಕ್ಕೆ ವಾಷಿಂಗ್ಟನ್ ಎಂದು ಹೆಸರಿಟ್ಟು, ಕಲ್ಲುಗುಪ್ಪೆ ಒಟ್ಟಿ, ಚೀಟಿ ಇಟ್ಟು ಹಿಂದಿರುಗಿದರು. ಆ ತಂಡದ 25 ಮಂದಿಯಲ್ಲಿ ಬದುಕಿ ಮನೆ ಸೇರಿದವರು ಆರೇ ಜನ. ಲಾಕ್‌ವುಡ್ ಹಸಿವಿನಿಂದ ಸೊರಗಿ 1884ರ ಏಪ್ರಿಲ್‌ನಲ್ಲಿ ತೀರಿಕೊಂಡ. ಕ್ರಿಶ್ಚಿಯನ್‌ಸೆನ್ ಕೂಡ ಉಳಿಯಲಿಲ್ಲ. ಬ್ರೈನಾರ್ಡ್ ಉಳಿದ.

ಅವರು ಅಕ್ಷಾಂಶ ಕಂಡುಕೊಳ್ಳುತ್ತಿದ್ದ ಬಗೆಯನ್ನೂ ಇಲ್ಲಿ ಹೇಳಬೇಕು. ತಟ್ಟೆಯಲ್ಲಿ ಪಾದರಸ ಸುರಿದು ಅದರಲ್ಲಿ ಸೂರ್ಯನ ಪ್ರತಿಬಿಂಬ ಹಿಡಿದು, ಆಕಾಶದ ಸೂರ್ಯನಿಗೂ ಬಿಂಬಕ್ಕೂ ನಡುವಿನ ಕೋನವನ್ನು ಸೆಕ್ಸ್‌ಟಂಟಿನಲ್ಲಿ ಓದುತ್ತಿದ್ದರು. ಕೈಗವಸು ತೆಗೆದರೆ ಬೆರಳು ಹೋಗುವ ಚಳಿಯಲ್ಲಿ ಮಾಡುವ ಕೆಲಸ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಏರುವುದಿಲ್ಲ, ತಗ್ಗಿನಲ್ಲೇ ಸುತ್ತುತ್ತಾನೆ. ತಣ್ಣನೆಯ ದಟ್ಟ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಸೂರ್ಯ ಇರುವುದಕ್ಕಿಂತ ಮೇಲೆ ಕಾಣುತ್ತಾನೆ. ಒಂದು ಮಿನಿಟು ತಪ್ಪಿದರೆ ನೆಲದ ಮೇಲೆ 1.85 ಕಿಲೋಮೀಟರ್ ತಪ್ಪಿದಂತೆ. ರೇಖಾಂಶದ ತಪ್ಪು ಮಾತ್ರ ಅಷ್ಟು ಕಾಡುವುದಿಲ್ಲ. ಸಮಭಾಜಕದಲ್ಲಿ 111 ಕಿಲೋಮೀಟರ್ ಇರುವ ಒಂದು ಡಿಗ್ರಿ ರೇಖಾಂಶ ಅಷ್ಟು ಉತ್ತರದಲ್ಲಿ ಹನ್ನೆರಡು ಕಿಲೋಮೀಟರಿಗೆ ಕುಗ್ಗಿಹೋಗಿರುತ್ತದೆ.

ಪಿಯರಿ ಬಂದದ್ದು ಆಮೇಲೆ. ಹಠವಾದಿ, ಗಟ್ಟಿಗ, ನಡೆಯುವುದರಲ್ಲಿ ಅಸಾಧ್ಯನಾದ ಮನುಷ್ಯ. ನಕ್ಷೆ ಬರೆಯುವುದರಲ್ಲಿ ಮಾತ್ರ ಅಪಾಯಕಾರಿ. 1892ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದ ಹಾಸನ್ನು ದಾಟಿ ನೇವಿ ಕ್ಲಿಫ್ ಎಂಬ ಕಡಿಬಂಡೆಯ ಮೇಲೆ ನಿಂತು ಕೆಳಗೆ ನೋಡಿದ. ಕಂಡದ್ದು ಒಂದು ಕೊಲ್ಲಿಯ ತಲೆಭಾಗ. ಅವನು ಬರೆದದ್ದು ಗ್ರೀನ್‌ಲ್ಯಾಂಡನ್ನು ಅದರ ಉತ್ತರದ ನೆಲದಿಂದ ಬೇರ್ಪಡಿಸುವ ಜಲಸಂಧಿ. ‘ಪಿಯರಿ ಚಾನೆಲ್’ ಎಂದು ಅದು ನಕ್ಷೆಗೆ ಬಂತು.

1900ರ ಮೇ ತಿಂಗಳಲ್ಲಿ ತನ್ನ ಸಹಯಾತ್ರಿ ಮ್ಯಾಥ್ಯೂ ಹೆನ್ಸನ್ ಮತ್ತು ಒಬ್ಬ ಇನುಘುಯಿಟ್ ಜೊತೆಗಾರನೊಂದಿಗೆ ಪಿಯರಿ ಉತ್ತರ ತೀರದುದ್ದಕ್ಕೂ ಸಾಗಿದ. ಲಾಕ್‌ವುಡ್ ಇಟ್ಟ ಚೀಟಿಯನ್ನು ಕಲ್ಲುಗುಪ್ಪೆಯಿಂದ ತೆಗೆದುಕೊಂಡ. ಮುಂದೆ ನಡೆದು ಮುಖ್ಯಭೂಮಿಯ ತುತ್ತತುದಿ ತಲುಪಿ ಅದಕ್ಕೆ ಮೋರಿಸ್ ಜೆಸಪ್ ಎಂದು ಹೆಸರಿಟ್ಟ. ಜೆಸಪ್ ಎಂದರೆ ನ್ಯೂಯಾರ್ಕಿನ ನಿಸರ್ಗ ಇತಿಹಾಸ ಸಂಗ್ರಹಾಲಯದ ಅಧ್ಯಕ್ಷ, ಪಿಯರಿಯ ಯಾತ್ರೆಗಳಿಗೆ ಹಣ ಕೊಡುತ್ತಿದ್ದ ಧನಿಕ. ಉತ್ತರ ಗ್ರೀನ್‌ಲ್ಯಾಂಡ್‌ನ ನಕ್ಷೆಯನ್ನು ಬಿಡಿಸಿ ನೋಡಿದರೆ ದೇಣಿಗೆಯ ರಸೀದಿ ಪುಸ್ತಕವನ್ನು ನೋಡಿದಂತಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸಾಗುವಾಗ ತೀರದಾಚೆ ಒಂದು ಪುಟ್ಟ ದ್ವೀಪವನ್ನೂ ಪಿಯರಿ ನೋಡಿದ. ಅದಕ್ಕೆ ಯಾವ ದಾನಿಯ ಹೆಸರೂ ಬೀಳಲಿಲ್ಲ. ಬಹುಶಃ ಹೆಸರಿಡುವಷ್ಟು ದೊಡ್ಡದೆಂದು ಅವನಿಗೆ ಅನಿಸಿರಲಿಕ್ಕಿಲ್ಲ.

ಪಿಯರಿ ಚಾನೆಲ್‌ನ ಬೆಲೆ ತೆತ್ತವರು ಡೇನರು. 1906ರಿಂದ 1908ರವರೆಗಿನ ಡೆನ್ಮಾರ್ಕ್ ಯಾತ್ರೆಯ ನಾಯಕ ಲುಡ್ವಿಗ್ ಮ್ಯುಲಿಯಸ್-ಎರಿಕ್ಸೆನ್, ನಕ್ಷೆಕಾರ ನೀಲ್ಸ್ ಹ್ಯೋಗ್ ಹಾಗೆನ್ ಮತ್ತು ಗ್ರೀನ್‌ಲ್ಯಾಂಡ್‌ನ ಯೋರ್ಗನ್ ಬ್ರೋನ್‌ಲುಂಡ್ 1907ರ ವಸಂತದಲ್ಲಿ ಉತ್ತರಕ್ಕೆ ಹೊರಟರು. ಪಿಯರಿಯ ನಕ್ಷೆಯ ಪ್ರಕಾರ ತೀರ ಬೇಗನೆ ವಾಯವ್ಯಕ್ಕೆ ತಿರುಗಬೇಕು. ನಿಜವಾದ ತೀರ ಪೂರ್ವಕ್ಕೆ ಚಾಚುತ್ತಲೇ ಹೋಯಿತು, ನೂರಾರು ಕಿಲೋಮೀಟರ್ ಹೆಚ್ಚಿನ ದಾರಿ. ಜಲಸಂಧಿ ಎಂದುಕೊಂಡು ಒಂದು ಉದ್ದನೆಯ ಕೊಲ್ಲಿಯೊಳಗೆ ಹೊಕ್ಕರು. ಅದು ಕುರುಡು ಕೊಲ್ಲಿ. ಹಿಂದಿರುಗಿ ಬರುವಾಗ ಮೇ ಕೊನೆಯಲ್ಲಿ ಅವರಿಗೆ ಅದೇ ಯಾತ್ರೆಯ ಇನ್ನೊಂದು ತಂಡ ಎದುರಾಯಿತು. ಯೋಹಾನ್ ಪೀಟರ್ ಕೋಕ್, ಚಿತ್ರಕಾರ ಆಗೆ ಬರ್ಟೆಲ್ಸನ್ ಮತ್ತು ಟೋಬಿಯಾಸ್ ಗೇಬ್ರಿಯಲ್ಸೆನ್ ಉತ್ತರದ ಬ್ರಿಜ್‌ಮನ್ ಭೂಶಿರದವರೆಗೆ ಹೋಗಿ ಮರಳುತ್ತಿದ್ದರು. ಅಲ್ಲಿಂದ ಎಲ್ಲರೂ ಜೊತೆಯಾಗಿ ಶಿಬಿರಕ್ಕೆ ಮರಳಬಹುದಿತ್ತು. ಜಲಸಂಧಿ ಇದೆಯೋ ಇಲ್ಲವೋ ತೀರ್ಮಾನಿಸಿಯೇ ಬರುತ್ತೇನೆ ಎಂದು ಮ್ಯುಲಿಯಸ್-ಎರಿಕ್ಸೆನ್ ಪಶ್ಚಿಮಕ್ಕೆ ತಿರುಗಿದ.

ಜಲಸಂಧಿ ಇರಲಿಲ್ಲ. ಅಷ್ಟರಲ್ಲಿ ಬೇಸಿಗೆ ಬಂದು ಸಮುದ್ರದ ಮಂಜುಗಡ್ಡೆ ಕರಗಿ ವಾಪಸಾಗುವ ದಾರಿ ಮುಚ್ಚಿತು. ಬೂಟುಗಳು ಸವೆದವು, ನಾಯಿಗಳು ಸತ್ತವು. ಚಳಿಗಾಲದ ಕತ್ತಲು ಕವಿದ ಮೇಲೆ ಹಿಮದ ಹಾಸನ್ನು ಹತ್ತಿ ಹಿಂದಕ್ಕೆ ನಡೆದರು. ನವೆಂಬರ್‌ನಲ್ಲಿ ಮೊದಲು ಹಾಗೆನ್, ಹತ್ತು ದಿನಗಳ ಅಂತರದಲ್ಲಿ ಮ್ಯುಲಿಯಸ್-ಎರಿಕ್ಸೆನ್ ಸತ್ತರು. ಬ್ರೋನ್‌ಲುಂಡ್ ಒಬ್ಬನೇ, ಹೆಪ್ಪುಗಟ್ಟಿದ ಕಾಲುಗಳಲ್ಲಿ, ಆಹಾರ ಬಚ್ಚಿಟ್ಟಿದ್ದ ಜಾಗದವರೆಗೂ ಬಂದ. ಹಾಗೆನ್ ಬರೆದ ನಕ್ಷೆಗಳನ್ನು ಹೊತ್ತು ತಂದಿದ್ದ. ತನ್ನ ದಿನಚರಿಯಲ್ಲಿ ಉಳಿದಿಬ್ಬರ ಸಾವನ್ನು ಬರೆದಿಟ್ಟು ಅಲ್ಲಿಯೇ ಮಲಗಿದ. 1908ರ ಮಾರ್ಚ್‌ನಲ್ಲಿ ಅವನ ದೇಹವನ್ನೂ ಆ ನಕ್ಷೆಗಳನ್ನೂ ಕಂಡುಹಿಡಿದವರು ಕೋಕ್ ಮತ್ತು ಟೋಬಿಯಾಸ್. ಪಿಯರಿ ಚಾನೆಲ್ ಇಲ್ಲವೆಂದು ಮ್ಯುಲಿಯಸ್-ಎರಿಕ್ಸೆನ್ ಬರೆದಿಟ್ಟಿದ್ದ ಚೀಟಿ 1910ರಲ್ಲಿ ಎಯ್ನಾರ್ ಮಿಕೆಲ್ಸನ್ ಎಂಬವನಿಗೆ ಸಿಕ್ಕಿತು. ಒಂದು ಗೆರೆ ಅಳಿಸಲು ಮೂರು ಜೀವ ಹೋದವು.

ಪಿಯರಿಯ ಇನ್ನೊಂದು ಸೃಷ್ಟಿ ‘ಕ್ರಾಕರ್ ಲ್ಯಾಂಡ್’. 1906ರಲ್ಲಿ ಕೆನಡಾದ ಉತ್ತರ ಅಂಚಿನಿಂದ ದೂರದ ಸಮುದ್ರದಲ್ಲಿ ಹೊಸ ನೆಲ ಕಂಡೆ ಎಂದು ತನ್ನ ಪುಸ್ತಕದಲ್ಲಿ ಬರೆದು, ಅದಕ್ಕೆ ಜಾರ್ಜ್ ಕ್ರಾಕರ್ ಎಂಬ ಶ್ರೀಮಂತನ ಹೆಸರಿಟ್ಟ. ಅದೇ ದಿನಗಳ ಅವನ ದಿನಚರಿಯಲ್ಲಿ ಆ ನೆಲದ ಸುಳಿವಿಲ್ಲ. 1914ರಲ್ಲಿ ಅಮೆರಿಕದ ಯಾತ್ರಿಕ ಡೊನಾಲ್ಡ್ ಮ್ಯಾಕ್‌ಮಿಲನ್ ಅದನ್ನು ಹುಡುಕಿಕೊಂಡು ಸಮುದ್ರದ ಹಿಮದ ಮೇಲೆ ಹೊರಟಾಗ ಬೆಟ್ಟ, ಕಣಿವೆ, ಹಿಮದ ಶಿಖರ ಎಲ್ಲವೂ ಸ್ಪಷ್ಟವಾಗಿ ಕಂಡವು. ಜೊತೆಗಿದ್ದ ಪಿಯುಗಾಟ್ಟೋಕ್ ಎಂಬ ಅನುಭವಿ ಇನುಘುಯಿಟ್ ಬೇಟೆಗಾರ ಅದು ಬರೀ ಕಾವಳ ಎಂದ. ಮ್ಯಾಕ್‌ಮಿಲನ್ ಕೇಳಲಿಲ್ಲ, ಇನ್ನೂ ಐದು ದಿನ ಅಪಾಯದ ಹಿಮದ ಮೇಲೆ ನಡೆಸಿದ. ಸೂರ್ಯ ಸುತ್ತಿದಂತೆ ಬೆಟ್ಟಗಳೂ ಜಾಗ ಬದಲಿಸಿದವು, ಕೊನೆಗೆ ಕರಗಿದವು. ಹಿಂದಿರುಗುವ ದಾರಿಯಲ್ಲಿ ತಂಡದ ಫಿಟ್ಝ್‌ಹ್ಯೂ ಗ್ರೀನ್ ಆ ಪಿಯುಗಾಟ್ಟೋಕ್‌ನನ್ನೇ ಗುಂಡಿಟ್ಟು ಕೊಂದ. ಅವನ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. ಧ್ರುವಯಾತ್ರೆಗಳ ಜನಪ್ರಿಯ ಕಥೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಹಾಗೆಂದು ಕಂಡದ್ದೆಲ್ಲ ಸುಳ್ಳಲ್ಲ. ಈಶಾನ್ಯ ಗ್ರೀನ್‌ಲ್ಯಾಂಡ್‌ನ ಆಚೆ ಸಮುದ್ರದಲ್ಲಿ ಏನೋ ನೆಲ ಕಾಣುತ್ತದೆ ಎಂದು ಯೋಹಾನ್ ಪೀಟರ್ ಕೋಕ್ ವರದಿ ಮಾಡಿದ್ದ. ಬಹಳ ಕಾಲ ಸಿಗದೆ ಅದಕ್ಕೆ ‘ಫಾಟಾ ಮೊರ್ಗಾನಾ ನಾಡು’, ಅಂದರೆ ಮರೀಚಿಕೆಯ ನಾಡು, ಎಂದೇ ಹೆಸರು ಬಿದ್ದಿತ್ತು. 1990ರ ದಶಕದಲ್ಲಿ ಆ ಕಡೆ, ತೀರದಿಂದ ಬಹು ದೂರದಲ್ಲಿ, ಸುಮಾರು ಎರಡು ಕಿಲೋಮೀಟರ್ ಉದ್ದದ ನಿಜವಾದ ದ್ವೀಪವೊಂದು ಪತ್ತೆಯಾಯಿತು. ಅದಕ್ಕೆ ಟೋಬಿಯಾಸ್ ಗೇಬ್ರಿಯಲ್ಸೆನ್‌ನ ಹೆಸರಿಟ್ಟಿದ್ದಾರೆ. ಬ್ರೋನ್‌ಲುಂಡ್‌ನ ದೇಹ ಕಂಡವರಲ್ಲಿ ಒಬ್ಬನಾದ ಅದೇ ಟೋಬಿಯಾಸ್.

ಪಿಯರಿ ಹೆಸರಿಡದೆ ಬಿಟ್ಟುಹೋದ ಪುಟ್ಟ ದ್ವೀಪಕ್ಕೆ ಬರೋಣ. 1921ರಲ್ಲಿ ಡೇನಿಷ್ ಭೂವಿಜ್ಞಾನಿ ಲೌಗೆ ಕೋಕ್ ಇನುಘುಯಿಟ್ ಜೊತೆಗಾರರೊಂದಿಗೆ ನಾಯಿಬಂಡಿಯಲ್ಲಿ ಗ್ರೀನ್‌ಲ್ಯಾಂಡ್‌ನ ಉತ್ತರ ತುದಿಯನ್ನು ಸುತ್ತಿ ಬಂದ. ಇದು ಅವನಿಗೆ ಹೊಸ ಸೀಮೆಯಲ್ಲ. 1916ರಿಂದ 1918ರವರೆಗೆ ಕ್ನುಡ್ ರಾಸ್ಮುಸೆನ್‌ನ ಎರಡನೆಯ ಥೂಲೆ ಯಾತ್ರೆಯಲ್ಲಿ ಇದೇ ತೀರಕ್ಕೆ ಬಂದಿದ್ದ. ಆ ಯಾತ್ರೆಯಲ್ಲಿ ಗ್ರೀನ್‌ಲ್ಯಾಂಡ್‌ನ ಹೆಂಡ್ರಿಕ್ ಓಲ್ಸನ್ ಮತ್ತು ಸ್ವೀಡನ್ನಿನ ಸಸ್ಯವಿಜ್ಞಾನಿ ಥೋರಿಲ್ಡ್ ವುಲ್ಫ್ ಸತ್ತಿದ್ದರು. ಈ ಸಲ ಆ ದ್ವೀಪದ ಮೇಲೆ ಕಾಲಿಟ್ಟು ಕೋಕ್ ಅದಕ್ಕೊಂದು ಹೆಸರು ಕೊಟ್ಟ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಖನಿಜ ಸಂಗ್ರಹಾಲಯದಲ್ಲಿ ಕಾಫಿ ಕುಡಿಯಲು ಸೇರುತ್ತಿದ್ದ ಗೆಳೆಯರ ಗುಂಪಿನ ನೆನಪಿಗೆ ಕಾಫೆಕ್ಲುಬ್ಬೆನ್, ಕಾಫಿ ಕ್ಲಬ್ಬು. ಆ ತೀರದಲ್ಲಿ ಬ್ಯಾಂಕರುಗಳು, ಸೇನಾನಿಗಳು, ಅಧ್ಯಕ್ಷರ ಹೆಸರುಗಳ ನಡುವೆ ನನಗೆ ಇಷ್ಟವಾದ ಹೆಸರು ಇದೊಂದೇ. ಗ್ರೀನ್‌ಲ್ಯಾಂಡ್‌ನವರು ಅದನ್ನು ಇನುಇಟ್ ಕೆಕರ್ಟಾಟ್ ಎನ್ನುತ್ತಾರೆ. ಜಲ್ಲಿ, ಮಣ್ಣು, ಪಾಚಿ, ಕಲ್ಲುಹೂವು ಬಿಟ್ಟರೆ ಅಲ್ಲಿ ಅಂಗೈಯಷ್ಟು ಎತ್ತರಕ್ಕೂ ಬೆಳೆಯದ ನೇರಳೆ ಸ್ಯಾಕ್ಸಿಫ್ರೇಜ್ ಮತ್ತು ಆರ್ಕ್ಟಿಕ್ ಗಸಗಸೆ ಹೂಗಳಿವೆ. ಭೂಮಿಯ ಅತ್ಯಂತ ಉತ್ತರದ ಹೂಗಿಡಗಳೆಂಬ ಹಿರಿಮೆ ಅವುಗಳದು.

ಆ ಕಾಫಿ ಕ್ಲಬ್ಬು ಮೋರಿಸ್ ಜೆಸಪ್ ಭೂಶಿರವನ್ನು ಹಿಂದಿಕ್ಕಿದೆ ಎಂದು ತಿಳಿದದ್ದು 1969ರ ಅಳತೆಯಿಂದ. ನೂರಾರು ಮೀಟರುಗಳ ವ್ಯತ್ಯಾಸ ಅಷ್ಟೆ. ಸೆಕ್ಸ್‌ಟಂಟಿನ ಕಾಲದಲ್ಲಿ ಇದು ತಿಳಿಯುವಂತಿರಲಿಲ್ಲ. ಉಪಗ್ರಹಗಳ ಸಂಕೇತ ಹಿಡಿದು ಸ್ಥಾನ ಕಂಡುಕೊಳ್ಳುವ ವಿಧಾನ ಬಂದ ಮೇಲೆ ಡೇನರು ಉತ್ತರ ಗ್ರೀನ್‌ಲ್ಯಾಂಡ್‌ನ ನಕ್ಷೆಯನ್ನು ಹೊಸದಾಗಿ ಬರೆಯಲು ಕೂತರು. ಪೆಟರ್ಸನ್ ತಂಡದ 1978ರ ಪ್ರಯಾಣ ಆ ಕೆಲಸದ್ದು. ಊಡಾಕ್ ಸಿಕ್ಕಿದ ಕೂಡಲೇ ಆಟ ಬದಲಾಯಿತು. ವೃತ್ತಿಪರ ಭೂಮಾಪಕರ ಕೈಯಲ್ಲಿದ್ದ ವಿಷಯ ಸಾಹಸಿಗರ ಕೈಗೆ ಬಂತು.

1996ರಲ್ಲಿ ಅಮೆರಿಕದ ‘ಟಾಪ್ ಆಫ್ ದ ವರ್ಲ್ಡ್’ ತಂಡ ಹತ್ತು ಮೀಟರ್ ಉದ್ದದ ಒಂದು ದಿಬ್ಬ ಕಂಡು ಅದಕ್ಕೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಸೇರಿಸಿ ‘ಎಟಿಒಡಬ್ಲ್ಯು1996’ ಎಂದು ಕರೆಯಿತು. ಊಡಾಕ್‌ಗಿಂತ ಅದು ಉತ್ತರಕ್ಕಿದ್ದದ್ದು ಎರಡು ಸೆಕೆಂಡು ಚಿಲ್ಲರೆ, ಎಂದರೆ ಎಪ್ಪತ್ತು ಮೀಟರಿನಷ್ಟು. 2003ರಲ್ಲಿ ಡೆನ್ನಿಸ್ ಶ್ಮಿಟ್ ಎಂಬ ಅಮೆರಿಕನ್ ಯಾತ್ರಿಕನ ತಂಡಕ್ಕೆ 83 ಡಿಗ್ರಿ 42 ಮಿನಿಟಿನಲ್ಲಿ 35 ಮೀಟರ್ ಉದ್ದ, 15 ಮೀಟರ್ ಅಗಲ, 4 ಮೀಟರ್ ಎತ್ತರದ ಇನ್ನೊಂದು ಸಿಕ್ಕಿತು. ಹೆಸರು ‘83-42’. ಇದರ ಕಲ್ಲುಗಳ ಮೇಲೆ ಕಲ್ಲುಹೂವು ಇತ್ತು, ನಮ್ಮ ಮಸಾಲೆ ಡಬ್ಬಿಯಲ್ಲಿರುವುದರ ದೂರದ ನೆಂಟ. ಕಲ್ಲುಹೂವು ಬೆಳೆಯಲು ವರ್ಷಗಟ್ಟಲೆ ಬೇಕು, ಆದ್ದರಿಂದ ಇದು ನಿಂತ ನೆಲವೇ ಎಂದು ವಾದ ಹೂಡಿದರು. ವಾದ ಕೇಳಲು ಚೆನ್ನಾಗಿದೆ. ಕಲ್ಲುಹೂವು ಕಲ್ಲಿನ ವಯಸ್ಸನ್ನು ಹೇಳೀತು, ಕಲ್ಲು ಯಾವುದರ ಮೇಲೆ ಕೂತಿದೆ ಎಂಬುದನ್ನು ಹೇಳುವುದಿಲ್ಲ. 2007ರಲ್ಲಿ ‘ಸ್ಟ್ರೇ ಡಾಗ್ ವೆಸ್ಟ್’ ಎಂಬ ಮತ್ತೊಂದು ಸೇರಿತು. ದ್ವೀಪ ಬೇಟೆಗಾರರೆಂಬ ಒಂದು ಸಣ್ಣ ಪಂಗಡವೇ ಹುಟ್ಟಿಕೊಂಡಿತು. ಯಾವ ಚುಕ್ಕೆ ಯಾವ ಸೆಕೆಂಡಿನಲ್ಲಿದೆ ಎಂಬುದು ಅವರಿಗೆ ಬಾಯಿಪಾಠ.

ಅವರ ಬಾಯಿಪಾಠ 2021ರಲ್ಲಿ ಕೆಲಸಕ್ಕೆ ಬಂತು. ಆ ಜುಲೈನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮೋರ್ಟನ್ ರಾಸ್ಕ್ ಮತ್ತು ಸಂಗಡಿಗರು ಊಡಾಕ್‌ಗೆಂದು ಹೆಲಿಕಾಪ್ಟರಿನಲ್ಲಿ ಹೊರಟರು. ಅತಿ ಕಠಿಣ ಪರಿಸರದಲ್ಲಿ ಬದುಕುವ ಜೀವಿಗಳ ಮಾದರಿ ಸಂಗ್ರಹಿಸುವುದು ಉದ್ದೇಶ, ದ್ವೀಪ ಹುಡುಕುವುದಾಗಿರಲಿಲ್ಲ. ಒಂದು ದಿಬ್ಬದ ಮೇಲೆ ಇಳಿದರು, ಇದೇ ಊಡಾಕ್ ಎಂದುಕೊಂಡು ಮಾದರಿ ತೆಗೆದರು, ಹಿಂದಿರುಗಿ ಬಂದು ಫೋಟೊ ಮತ್ತು ಸ್ಥಾನವನ್ನು ಅಂತರ್ಜಾಲದಲ್ಲಿ ಹಾಕಿದರು. ದ್ವೀಪ ಬೇಟೆಗಾರರು ಕೂಡಲೇ ಬರೆದರು: ನೀವು ಇಳಿದದ್ದು ಊಡಾಕ್ ಅಲ್ಲ. ಪರಿಶೀಲಿಸಿದಾಗ ಅದು ಊಡಾಕ್‌ನ ಜಾಗಕ್ಕಿಂತ 780 ಮೀಟರ್ ಉತ್ತರಕ್ಕಿತ್ತು. ಅಳತೆ ಸುಮಾರು 60 ಮೀಟರಿಗೆ 30 ಮೀಟರ್, ಎತ್ತರ ಮೂರು ಮೀಟರಿನಷ್ಟು. ‘ಉತ್ತರದ ಕೊನೆಯ ದ್ವೀಪ’ ಎಂಬರ್ಥದ ಗ್ರೀನ್‌ಲ್ಯಾಂಡಿಕ್ ಹೆಸರು ಸೂಚಿಸಿದರು: ಕೆಕರ್ಟಾಕ್ ಅವನ್ನಾರ್ಲೆಕ್. ಆಗಸ್ಟ್‌ನಲ್ಲಿ ಸುದ್ದಿ ಪ್ರಪಂಚವೆಲ್ಲ ಸುತ್ತಿತು. ಬಿರುಗಾಳಿ ಮತ್ತು ಸಮುದ್ರದ ಮಂಜುಗಡ್ಡೆ ತಳದ ಕೆಸರನ್ನು ದೂಡಿ ಗುಡ್ಡೆ ಹಾಕಿರಬಹುದು, ಹೆಚ್ಚು ಕಾಲ ಉಳಿಯಲಾರದು ಎಂದು ರಾಸ್ಕ್ ತಂಡ ಆಗಲೇ ಹೇಳಿತ್ತು. ಪತ್ರಿಕೆಗಳು ಆ ವಾಕ್ಯವನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದವು.

ಮರುವರ್ಷ ಅವರೇ ಮತ್ತೆ ಹೋದರು. ಈ ಬಾರಿ ಸ್ವಿಟ್ಜರ್‌ಲೆಂಡ್ ಮತ್ತು ಡೆನ್ಮಾರ್ಕ್‌ನ ಜಂಟಿ ತಂಡ, ಜೊತೆಗೆ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದ ಭೂಮಾಪನ ತಜ್ಞ ರೆನೆ ಫೋರ್ಸ್‌ಬರ್ಗ್. 1978ರಿಂದ ವರದಿಯಾದ ಎಲ್ಲ ಚುಕ್ಕೆಗಳ ಪಟ್ಟಿ ಹಿಡಿದು ಒಂದೊಂದರ ಜಾಗಕ್ಕೂ ಹೋದರು. ಉಪಗ್ರಹದ ನೆರವಿನಿಂದ ಸ್ಥಾನ ಹಿಡಿದರು, ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಮೇಲ್ಮೈ ಅಳೆದರು. ಕೊನೆಗೂ ಯಾರೂ ಮಾಡದಿದ್ದ ಕೆಲಸ ಮಾಡಿದರು, ಸಮುದ್ರದ ಆಳ ನೋಡಿದರು. ಆ ಜಾಗಗಳಲ್ಲಿ ಎಲ್ಲಿಯೂ ನೆಲ ಮೇಲಕ್ಕೆ ಎದ್ದಿರಲಿಲ್ಲ. ಆಳ 26 ಮೀಟರಿನಿಂದ 47 ಮೀಟರ್. ಊಡಾಕ್, 1996ರದ್ದು, 2003ರದ್ದು, 2007ರದ್ದು, 2021ರದ್ದು, ಎಲ್ಲವೂ ಮಣ್ಣು ಹೊದ್ದ ಚಪ್ಪಟೆ ಹಿಮಬಂಡೆಗಳು.

ಲೆಕ್ಕವೂ ತಾಳೆಯಾಗುತ್ತದೆ. ತೇಲುವ ಹಿಮದ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುತ್ತದೆ. ಮೇಲೆ ಮೂರು ನಾಲ್ಕು ಮೀಟರ್ ಕಾಣಬೇಕಾದರೆ ಕೆಳಗೆ ಇಪ್ಪತ್ತೈದು ಮೂವತ್ತು ಮೀಟರಿನ ಮೇಲೆ ಬೇಕು. ಅಲ್ಲಿನ ಸಮುದ್ರದ ಆಳ ಹೆಚ್ಚೂಕಡಿಮೆ ಅಷ್ಟೇ. ಅಂದರೆ ಇಂಥ ಬಂಡೆ ತೇಲಿಬಂದು ತಳಕ್ಕೆ ತಾಗಿ ಸಿಕ್ಕಿಕೊಳ್ಳುವುದಕ್ಕೆ ಹೇಳಿಮಾಡಿಸಿದ ಜಾಗ ಅದು. ಸುತ್ತ ವರ್ಷಾನುಗಟ್ಟಲೆ ಕರಗದ ಸಮುದ್ರದ ಮಂಜುಗಡ್ಡೆ ಒತ್ತಿಹಿಡಿದಿರುತ್ತದೆ. ಹಾಗಾಗಿ ಒಂದೆರಡು ವರ್ಷ, ಕೆಲವೊಮ್ಮೆ ಹೆಚ್ಚು ಕಾಲ, ಅಲುಗದೆ ನಿಂತುಬಿಡುತ್ತದೆ. ಮೇಲಿನ ಮಣ್ಣು ಬಂದದ್ದು ಬೆಟ್ಟದಿಂದ. ಕಾಫೆಕ್ಲುಬ್ಬೆನ್‌ನ ಪಶ್ಚಿಮಕ್ಕೆ ತೀರದಲ್ಲಿ ಸಣ್ಣ ಹಿಮನದಿಗಳಿವೆ. ಅವು ಇಳಿದು ಬರುವಾಗ ಬೆಟ್ಟವನ್ನು ಕೆರೆದು ಕಲ್ಲು ಮಣ್ಣು ಹೊತ್ತು ತರುತ್ತವೆ. ಮುರಿದ ತುಂಡಿನ ಮೇಲ್ಮೈ ಕರಗಿದಷ್ಟೂ ಒಳಗಿದ್ದ ಜಲ್ಲಿ ಮೇಲೆ ಶೇಖರವಾಗುತ್ತದೆ. ಒಮ್ಮೆ ಸಾಕಷ್ಟು ದಪ್ಪಗಾದ ಮೇಲೆ ಆ ಮಣ್ಣೇ ಬಿಸಿಲನ್ನು ತಡೆದು ಕೆಳಗಿನ ಹಿಮವನ್ನು ಕಾಯುತ್ತದೆ. ಇಳಿದು ನಿಂತವನ ಕಾಲಿಗೆ ಸಿಗುವುದು ಗಟ್ಟಿ ಮಣ್ಣು, ಕಲ್ಲು, ಕಲ್ಲುಹೂವು. ಮೋಸಹೋದವರನ್ನು ದೂರುವಂತಿಲ್ಲ.

ಆದರೂ ನಲವತ್ತನಾಲ್ಕು ವರ್ಷ ಯಾರೂ ಆಳ ನೋಡಲಿಲ್ಲವೇಕೆ? ಹೋದವರಿಗೆ ಬೇಕಾಗಿದ್ದದ್ದು ಉತ್ತರದ ಅಳತೆ ಮಾತ್ರ. ದಿಬ್ಬ ಸಿಕ್ಕಿದರೆ ಸೆಕೆಂಡು ಎಣಿಸಿದರು, ಹಿಂದಿನವರಿಗಿಂತ ಮುಂದಿದ್ದರೆ ಹೆಸರಿಟ್ಟರು, ಫೋಟೊ ತೆಗೆದುಕೊಂಡು ಬಂದರು. ಪಿಯರಿಗೆ ಜಲಸಂಧಿ ಬೇಕಿತ್ತು, ಜಲಸಂಧಿ ಕಂಡ. ಇವರಿಗೆ ದ್ವೀಪ ಬೇಕಿತ್ತು, ದ್ವೀಪ ಸಿಕ್ಕಿತು. ವ್ಯತ್ಯಾಸವೆಂದರೆ ಈ ತಪ್ಪಿಗೆ ಯಾರೂ ಸಾಯಲಿಲ್ಲ, ಮತ್ತು ರಾಸ್ಕ್ ತಾನು ಪ್ರಕಟಿಸಿದ್ದನ್ನು ತಾನೇ ಮುಂದೆ ನಿಂತು ಅಳಿಸಿದ. ಪಿಯರಿಯಿಂದ ಅದನ್ನು ನಿರೀಕ್ಷಿಸುವಂತಿರಲಿಲ್ಲ.

ಇದೆಲ್ಲ ಹವ್ಯಾಸಿಗಳ ಜಗಳ ಎಂದು ತಳ್ಳಿಹಾಕುವವರಿಗೆ ಒಂದು ಮಾತು. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ದ್ವೀಪ ಎಂದರೆ ನೈಸರ್ಗಿಕವಾಗಿ ಉಂಟಾದ, ನೀರಿನಿಂದ ಸುತ್ತುವರಿದ, ಉಬ್ಬರದಲ್ಲೂ ಮುಳುಗದ ನೆಲ. ಅಂಥ ಬರಿಯ ಬಂಡೆಯಿದ್ದರೂ ಅದರ ಸುತ್ತ 12 ನಾಟಿಕಲ್ ಮೈಲಿ ಸಮುದ್ರ ಆ ದೇಶದ್ದು. ಜನ ಬದುಕಲಾಗದ ಬಂಡೆಗೆ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಹಿಮಬಂಡೆಗೆ ಅಷ್ಟೂ ಇಲ್ಲ. ಡೆನ್ಮಾರ್ಕ್ 2014ರಲ್ಲಿ ಗ್ರೀನ್‌ಲ್ಯಾಂಡ್‌ನ ಉತ್ತರಕ್ಕೆ ಸುಮಾರು 8,95,000 ಚದರ ಕಿಲೋಮೀಟರ್ ಸಮುದ್ರತಳದ ಮೇಲೆ ಹಕ್ಕು ಮಂಡಿಸಿದೆ. ಹಾಗಾಗಿ ಅಲ್ಲಿನ ತೀರ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಅಷ್ಟು ಪುಟ್ಟದಲ್ಲ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ನಡುವಿನ ನೇರ್ಸ್ ಜಲಸಂಧಿಯ ಹ್ಯಾನ್ಸ್ ದ್ವೀಪದ ಕಥೆ ಇದಕ್ಕೆ ಸಾಕ್ಷಿ. ಅದು 1.3 ಚದರ ಕಿಲೋಮೀಟರ್ ಬೋಳು ಬಂಡೆ. 1973ರಲ್ಲಿ ಎರಡೂ ದೇಶಗಳು ಸಮುದ್ರದ ಗಡಿ ಎಳೆದಾಗ ಈ ದ್ವೀಪದ ಹತ್ತಿರ ಗೆರೆಯನ್ನು ನಿಲ್ಲಿಸಿ ಆಚೆ ಬದಿಯಿಂದ ಮುಂದುವರಿಸಿದವು. 1984ರಿಂದ ಒಬ್ಬರು ಬಾವುಟ ನೆಟ್ಟು ಮದ್ಯದ ಬಾಟಲಿ ಇಟ್ಟು ಹೋದರೆ ಇನ್ನೊಬ್ಬರು ಬಂದು ಅದನ್ನು ಕಿತ್ತು ತಮ್ಮ ಬಾವುಟ, ತಮ್ಮ ಬಾಟಲಿ ಇಡುತ್ತಿದ್ದರು. ಈ ನಗೆಪಾಟಲಿನ ಯುದ್ಧ ಮುಗಿದದ್ದು 2022ರ ಜೂನ್ 14ರಂದು, ದ್ವೀಪವನ್ನು ಇಬ್ಬರೂ ಹಂಚಿಕೊಂಡು. ಕೆನಡಾಕ್ಕೂ ಡೆನ್ಮಾರ್ಕ್ ರಾಜ್ಯಕ್ಕೂ ಮೊದಲ ಬಾರಿಗೆ ನೆಲದ ಮೇಲಿನ ಗಡಿ ಬಂತು. ಅದು ಮಾತ್ರ ಸಮುದ್ರದ ತಳದವರೆಗೂ ಇಳಿದಿರುವ ನಿಜವಾದ ಬಂಡೆ.

ಸದ್ಯಕ್ಕೆ ಜಗತ್ತಿನ ಅತ್ಯಂತ ಉತ್ತರದ ನೆಲ ಮತ್ತೆ ಕಾಫೆಕ್ಲುಬ್ಬೆನ್ ಅಥವಾ ಇನುಇಟ್ ಕೆಕರ್ಟಾಟ್, ಅಕ್ಷಾಂಶ 83 ಡಿಗ್ರಿ 39 ಮಿನಿಟು 54 ಸೆಕೆಂಡು. ನಿಮ್ಮ ಮನೆಯ ಅಟ್ಲಾಸಿನಲ್ಲೋ ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲೋ ಊಡಾಕ್ ಎಂದಿದ್ದರೆ ಹೊಡೆದುಹಾಕಿ ಈ ಹೆಸರು ಬರೆದುಕೊಳ್ಳಿ. ಮುಂದೊಂದು ಬೇಸಿಗೆಯಲ್ಲಿ ಅದಕ್ಕಿಂತ ಉತ್ತರಕ್ಕೆ ಹೊಸ ದ್ವೀಪ ಸಿಕ್ಕಿತೆಂಬ ಸುದ್ದಿ ಬಂದರೆ ಆಳ ನೋಡಿದ್ದಾರೆಯೇ ಎಂದು ಮೊದಲು ಓದಿ, ಆಮೇಲೆ ತಿದ್ದಿ.